ನಮ್ಮ ಸ್ಟಡ್ ಫಾರ್ಮ್ ಬೆಳೆದದ್ದು ಹೆಣ್ಣು ಕುದುರೆಗಳಿಂದ

ಕುದುರೆ ತಳಿ ಬೆಳೆಸುವ ಸ್ಟಡ್ ಫಾರ್ಮ್ ಅಂದ ತಕ್ಷಣ ಜನ ಕೇಳೋದು ಒಂದೇ: ‘ಸ್ಟಾಲಿಯನ್ ಯಾವುದು?’ ನಮ್ಮಲ್ಲಿ ಬಹಳ ವರ್ಷ ಸ್ಟಾಲಿಯನ್ನೇ, ಅಂದರೆ ತಳಿಗೆ ಬಳಸುವ ಗಂಡು ಕುದುರೆಯೇ, ಇರಲಿಲ್ಲ. ಹುಲ್ಲುಗಾವಲು, ಲಾಯ, ಜೊತೆಗೆ ರೇಸಿನ ತಳಿಯಾದ ಥರೋಬ್ರೆಡ್‌ನ ಕೆಲವು ಹೆಣ್ಣು ಕುದುರೆಗಳು, ಅಷ್ಟೇ. ಈ ತಳಿಗೆ ಕೃತಕ ಗರ್ಭಧಾರಣೆ ಮಾಡಿಸಿದರೆ ಮರಿಯ ನೋಂದಣಿ ಆಗುವುದಿಲ್ಲ. ಹಾಗಾಗಿ ಬೆದೆಗೆ ಬಂದ ಕುದುರೆಯನ್ನು ಲಾರಿ ಹತ್ತಿಸಿ ಬೇರೆ ಫಾರ್ಮಿಗೆ ಕಳಿಸುತ್ತಿದ್ದೆವು. ಓಡಾಟ ಜಾಸ್ತಿ, ನಿಜ. ಆದರೆ ಯಾವ ಕುದುರೆಗೆ ಯಾವ ಗಂಡು ಹೊಂದುತ್ತದೆ ಅಂತ ಆರಿಸಿಕೊಳ್ಳುವ ಸ್ವಾತಂತ್ರ್ಯ ಇತ್ತು.

ಥರೋಬ್ರೆಡ್ ಚರಿತ್ರೆಯಲ್ಲಿ ಗಂಡುಗಳದ್ದೇ ಹೆಸರು. ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್: ಇವತ್ತಿನ ಎಲ್ಲಾ ಥರೋಬ್ರೆಡ್‌ಗಳ ಗಂಡು ಸಾಲು ಈ ಮೂರಕ್ಕೇ ಹೋಗಿ ನಿಲ್ಲುತ್ತದೆ. ಆದರೆ 1791ರಲ್ಲಿ ಶುರುವಾದ ಜನರಲ್ ಸ್ಟಡ್ ಬುಕ್ ಅನ್ನೋ ವಂಶಾವಳಿ ಪುಸ್ತಕ ಬಿಡಿಸಿ ನೋಡಿ, ತಾಯಿಯ ಹೆಸರಿನ ಕೆಳಗೆ ಮರಿಗಳನ್ನು ಬರೆದಿರುತ್ತಾರೆ. ಹರಾಜಿನ ಕ್ಯಾಟಲಾಗಿನ ಪುಟದ ತುಂಬಾ ತಾಯಿ, ಅಜ್ಜಿ, ಮುತ್ತಜ್ಜಿಯ ಕತೆಯೇ. ನಾನು ಕುದುರೆ ಆರಿಸಲು ಕಲಿತದ್ದು ಆ ಪುಟಗಳಿಂದ. ತಾನು ಗೆದ್ದವಳಿಗಿಂತ, ಗೆದ್ದ ಮರಿಗಳನ್ನು ಕೊಟ್ಟವಳ ಮಗಳ ಮೇಲೆ ನನಗೆ ನಂಬಿಕೆ ಜಾಸ್ತಿ.

ನಮ್ಮಲ್ಲಿಗೆ ಬಂದ ಮೊದಲ ಗಂಡು ಕುದುರೆ ಟೀಸರ್. ಹೆಣ್ಣು ಬೆದೆಯಲ್ಲಿದೆಯೋ ಇಲ್ಲವೋ ಅಂತ ಬೇಲಿ ಆಚೆ ನಿಂತು ಪತ್ತೆ ಮಾಡೋದಷ್ಟೇ ಅದರ ಕೆಲಸ. ಸಮಯ ಬಂದಾಗ ಅವಕಾಶ ಇನ್ನೊಬ್ಬನಿಗೆ. ಪಾಪ, ಅಲ್ವಾ? ಆದರೆ ಒಳ್ಳೆ ಟೀಸರ್ ಇಲ್ಲದಿದ್ದರೆ 21 ದಿನದ ಒಂದು ಸುತ್ತು ಸುಮ್ನೆ ಹಾಳಾಗುತ್ತದೆ.

ಆ ಸುತ್ತು ಯಾಕೆ ಅಷ್ಟು ಮುಖ್ಯ? ಉತ್ತರ ಗೋಳಾರ್ಧದಲ್ಲಿ ಎಲ್ಲಾ ಥರೋಬ್ರೆಡ್‌ಗಳಿಗೂ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ. ಮೇನಲ್ಲಿ ಹುಟ್ಟಿದ ಮರಿ ಫೆಬ್ರುವರಿ ಮರಿಯ ಜೊತೆಗೇ ಓಡಬೇಕು. ಗಬ್ಬ ಸುಮಾರು 11 ತಿಂಗಳು, ಆದ್ದರಿಂದ ಬೇಗ ಕೂಡಿಸಬೇಕು. ಹೆಣ್ಣು ಕುದುರೆಯೋ, ಹಗಲು ಉದ್ದವಾಗುವವರೆಗೆ ಬೆದೆಗೇ ಬರಲ್ಲ. ಅದಕ್ಕೇ ಡಿಸೆಂಬರ್ ಶುರುವಿನಿಂದ ಲಾಯದಲ್ಲಿ ಬಲ್ಬು ಹಾಕಿ, ಹಗಲು ಸೇರಿಸಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತೇವೆ. ಪೇಪರ್ ಓದುವಷ್ಟು ಬೆಳಕಿದ್ದರೆ ಸಾಕು. ಎರಡು ತಿಂಗಳಿಗೆ ಫಲ ಕಾಣುತ್ತದೆ.

ಈಯುವ ರಾತ್ರಿಗಳ ಮುಂದೆ ಇದೆಲ್ಲಾ ಸುಲಭ. ಮೊಲೆ ತುದಿಯಲ್ಲಿ ಮೇಣದಂಥ ಹನಿ ಕಂಡರೆ ನಾವು ಲಾಯ ಬಿಟ್ಟು ಕದಲಲ್ಲ. ನೋವು ಶುರುವಾಗಿ ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ನೆಲದ ಮೇಲಿರಬೇಕು. ಮೊದಲು ಕಾಣಬೇಕಾದ್ದು ಬಿಳಿ ಪೊರೆ, ಅದರೊಳಗೆ ಒಂದರ ಹಿಂದೊಂದು ಎರಡು ಕಾಲು, ಮೇಲೆ ಮೂತಿ. ಬಿಳಿ ಬದಲು ಕೆಂಪು ಮಖಮಲ್ಲಿನಂಥ ಚೀಲ ಬಂದರೆ, ಮಾಸು ಮೊದಲೇ ಬಿಟ್ಟುಕೊಂಡಿದೆ, ಮರಿಗೆ ಆಮ್ಲಜನಕ ನಿಂತಿದೆ ಅಂತ ಅರ್ಥ. ಡಾಕ್ಟರಿಗೆ ಕಾಯುವಂತಿಲ್ಲ. ಆ ಕ್ಷಣವೇ ಚೀಲ ಹರಿದು ಮರಿಯನ್ನು ಎಳೆಯಬೇಕು. ಕತ್ತರಿ ಬಾಗಿಲ ಮೊಳೆಯಲ್ಲೇ ನೇತಾಡುತ್ತಿರುತ್ತದೆ, ಅದನ್ನು ಬೇರೆ ಯಾವ ಕೆಲಸಕ್ಕೂ ಯಾರೂ ಮುಟ್ಟುವಂತಿಲ್ಲ.

ಆಮೇಲಿನದು ಗಡಿಯಾರದ ಲೆಕ್ಕ. ಹುಟ್ಟಿದ ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡರೊಳಗೆ ಹಾಲು ಕುಡಿಯಬೇಕು, ಮೂರರೊಳಗೆ ಮಾಸು ಬೀಳಬೇಕು. ಕುದುರೆಯಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಹೊಟ್ಟೆಯೊಳಗಿದ್ದಾಗ ಮರಿಗೆ ದಾಟುವುದಿಲ್ಲ, ಬರುವುದೆಲ್ಲಾ ಗಿಣ್ಣು ಹಾಲಿನಿಂದ. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ದಿನ ಮಾತ್ರ, ಅದೂ ಗಂಟೆಗಂಟೆಗೂ ಕಮ್ಮಿಯಾಗುತ್ತದೆ. ಗಿಣ್ಣು ಹಾಲು ಜಾಸ್ತಿ ಇರುವ ತಾಯಿಯಿಂದ ಸ್ವಲ್ಪ ಕರೆದು ಫ್ರೀಜರಿನಲ್ಲಿ ಇಡುವುದು ನಮ್ಮ ರೂಢಿ.

ಸ್ವಂತ ಸ್ಟಾಲಿಯನ್ ತಂದದ್ದು ಕೊನೆಗೆ, ಅದಕ್ಕೆ ಹೊಂದುವಷ್ಟು ಹೆಣ್ಣುಗಳು ನಮ್ಮಲ್ಲೇ ಆದ ಮೇಲೆ. ಗಂಡು ಮರಿಗಳನ್ನು ಮಾರುತ್ತೇವೆ. ಒಳ್ಳೆ ತಾಯಿಯ ಹೆಣ್ಣು ಮರಿಯನ್ನು ಮಾತ್ರ ಮಾರದೆ, ಓಟಕ್ಕೆ ಗುತ್ತಿಗೆ ಕೊಟ್ಟು ಓಟ ಮುಗಿದ ಮೇಲೆ ವಾಪಸ್ ತರುತ್ತೇವೆ. ಓಟದಲ್ಲಿ ಸಾಧಾರಣ ಆಗಿದ್ದರೂ ಚಿಂತೆಯಿಲ್ಲ. ಕಾಲಿನ ಜೋಡಣೆ ಸೊಟ್ಟಗಿದ್ದರೆ ಮಾತ್ರ, ಎಂಥ ಮನೆತನದವಳಾದರೂ ನಮ್ಮ ಲಾಯದಲ್ಲಿ ಜಾಗ ಇಲ್ಲ.