ಚಳಿಯ ಬೆಳಗಿನಲ್ಲಿ ಕುದುರೆಗೆ ಮೊದಲು ನಡಿಗೆ, ಆಮೇಲೆ ಪಾಠ

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಯಲಹಂಕ, ಹೆಸರಘಟ್ಟದ ಕಡೆ ಮಂಜೂ ಕವಿಯುತ್ತದೆ. ಕಚೇರಿಗೆ ಹೊರಡುವ ಮುನ್ನ ಸ್ವಂತ ಕುದುರೆಯನ್ನು ಪಳಗಿಸಲು ಹೋಗುವವರಿಗೆ ನನ್ನದೊಂದು ಸಲಹೆ: ಸಮಯ ಸಾಲದಿದ್ದರೆ ಪಾಠವನ್ನು ಮೊಟಕುಗೊಳಿಸಿ, ಆರಂಭದ ನಡಿಗೆಯನ್ನಲ್ಲ.

ರಾತ್ರಿಯಿಡೀ ಲಾಯದಲ್ಲಿ ನಿಂತ ಕುದುರೆಯ ಬೆನ್ನು, ಕೀಲುಗಳು ಬಿಗಿದಿರುತ್ತವೆ. ಲೋಹದ ಕಡಿವಾಣವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿಯೇ ಬಾಯಿಗೆ ಕೊಡಿ. ಜೀನಿನ ಹೊಟ್ಟೆಪಟ್ಟಿಯನ್ನು ಒಂದೇ ಸಲಕ್ಕೆ ಎಳೆಯದೆ ಎರಡು ಮೂರು ಹಂತದಲ್ಲಿ ಬಿಗಿಯಿರಿ. ಬಳಿಕ 10ರಿಂದ 15 ನಿಮಿಷ, ಲಗಾಮು ಸಡಿಲ ಬಿಟ್ಟು, ಬರೀ ನಡಿಗೆ. ನನ್ನ ಹೆಣ್ಣು ಕುದುರೆ ಮೊದಲು ತಲೆ ಎತ್ತಿಕೊಂಡೇ ಇರುತ್ತದೆ. ತಾನಾಗಿ ಕತ್ತು ಚಾಚಿ, ಮೂಗಿನಿಂದ ಫುರ್ರೆಂದು ಉಸಿರು ಬಿಟ್ಟಾಗಲೇ ನಾನು ಮುಂದಿನದನ್ನು ಕೇಳುವುದು. ಆ ಸದ್ದು ಕೇಳಿಸಿದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಆಮೇಲೆ 15 ನಿಮಿಷಕ್ಕೆ ಒಂದೇ ಪಾಠ ಸಾಕು. 20 ಮೀಟರ್ ವ್ಯಾಸದ ವೃತ್ತದಲ್ಲಿ ನಡಿಗೆಯಿಂದ ಹಗುರ ಓಟವಾದ ಟ್ರಾಟ್‌ಗೆ, ಟ್ರಾಟ್‌ನಿಂದ ನಡಿಗೆಗೆ, ಎಡಕ್ಕೂ ಬಲಕ್ಕೂ ಸಮವಾಗಿ. ಚೆನ್ನಾಗಿ ಒಪ್ಪಿಸಿದೊಡನೆ ಕತ್ತು ಸವರಿ, ಅಲ್ಲಿಗೇ ನಿಲ್ಲಿಸಿ.

ಕೊನೆಗೆ 10 ನಿಮಿಷ ನಡೆಸಿ, ಪಕ್ಕೆಯ ಏರಿಳಿತ ಎಣಿಸಿ. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಬೆವರಿದ್ದರೆ ಒಣಬಟ್ಟೆಯಿಂದ ಉಜ್ಜಿ. ಚಳಿಯಲ್ಲಿ ಕುದುರೆಗಳು ನೀರು ಕಡಿಮೆ ಕುಡಿಯುತ್ತವೆ, ಅದರಿಂದ ಹೊಟ್ಟೆಶೂಲೆಯ ಅಪಾಯವಿದೆ. ಬಕೆಟ್ಟಿನಲ್ಲಿ ಎಷ್ಟು ಇಳಿದಿದೆ ಎಂದು ದಿನವೂ ನೀವೇ ನೋಡಿ.