ನಮ್ಮ ಟ್ರೇಲರ್ ಮಂಚಕ್ಕೆ ನಡುವೆ ಆಸರೆ ಕೊಟ್ಟ ಬಗೆ

ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಕ್ಯಾರವಾನ್ ಒಂದನ್ನು ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆವು. ನಾಗರಭಾವಿಯ ನಮ್ಮ ಬೀದಿಯಲ್ಲಿ ಅದಕ್ಕೆ ಜಾಗ ಇಲ್ಲ. ತಾವರೆಕೆರೆ ಕಡೆ ಗೆಳೆಯನ ಖಾಲಿ ಸೈಟಿನಲ್ಲಿ ನಿಲ್ಲಿಸಿದ್ದೇವೆ. ಒಳಗೆ ಹಿಂಬದಿಯಲ್ಲಿ ಒಂದು ಮಂಚ. ಆರೂಕಾಲು ಅಡಿ ಉದ್ದ, ನಾಲ್ಕು ಅಡಿ ಅಗಲ. ಅಡಿಯಲ್ಲಿ ಸಾಮಾನಿನ ಪೆಟ್ಟಿಗೆ, ಅದರ ಮುಚ್ಚಳವೇ ಮಂಚದ ಹಲಗೆ: 9 ಎಂಎಂ ಪ್ಲೈವುಡ್. ಎತ್ತಿದರೆ ಎರಡು ಗ್ಯಾಸ್ ಸ್ಟ್ರಟ್ (ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವಂಥ ಗ್ಯಾಸ್ ತುಂಬಿದ ಕೊಳವೆ) ಅದನ್ನು ಹಿಡಿದುಕೊಳ್ಳುತ್ತಿದ್ದವು.

ಅಮ್ಮ ನಮ್ಮ ಜೊತೆ ಮೊದಲ ಸಲ ಬಂದಾಗ ಬೆಳಗ್ಗೆ ಎದ್ದು ಸೊಂಟ ಹಿಡಿದುಕೊಂಡರು. "ತೊಟ್ಟಿಲಲ್ಲಿ ಮಲಗಿದ ಹಾಗಿದೆ ಕಣೋ, ಇಬ್ಬರೂ ನಡುವಿಗೇ ಜಾರ್ತೀವಿ" ಅಂದರು. ಅಪ್ಪ ಏನೂ ಹೇಳಲಿಲ್ಲ. ಆದರೆ ಮುಂದಿನ ರಾತ್ರಿ ಕಾರಿನ ಸೀಟು ಮಲಗಿಸಿಕೊಂಡು ಅಲ್ಲೇ ಮಲಗಿದರು. ಅದು ನನಗೆ ತುಂಬಾ ನೋವಾಯಿತು.

ನಾನು ಮಾಡಿದ ಮೊದಲ ತಪ್ಪು, ಹಾಸಿಗೆ ಬದಲಿಸಿದ್ದು. ನಾಲ್ಕು ಇಂಚಿನ ಫೋಮ್ ತೆಗೆದು ಆರು ಇಂಚಿನ ಗಟ್ಟಿ ಹಾಸಿಗೆ ಹಾಕಿಸಿದೆ. ದುಡ್ಡು ಹೋಯಿತು, ಗುಂಡಿ ಹಾಗೇ ಉಳಿಯಿತು. ಎರಡನೆಯದು, ಇದ್ದ ಹಲಗೆಯ ಮೇಲೆ ಇನ್ನೊಂದು ಪ್ಲೈವುಡ್ ಸ್ಕ್ರೂ ಮಾಡಿದ್ದು. ಬಾಗು ಸ್ವಲ್ಪ ಕಡಿಮೆ ಆಯಿತು ನಿಜ. ಆದರೆ ಮುಚ್ಚಳದ ಭಾರ ಹೆಚ್ಚುಕಡಿಮೆ ಎರಡರಷ್ಟಾಯಿತು. ಹಳೇ ಹಲಗೆಗೆ ಅಂತ ಹಾಕಿದ್ದ ಸ್ಟ್ರಟ್ ಅದನ್ನು ತಡೆಯಲಿಲ್ಲ. ಒಂದು ದಿನ ನಾನು ಒಳಗೆ ಕೈ ಹಾಕಿದ್ದಾಗ ಮುಚ್ಚಳ ಇಳಿದೇಬಿಟ್ಟಿತು. ಬೆರಳು ಉಳಿದಿದ್ದೇ ದೊಡ್ಡದು. ಆ ಎರಡನೇ ಹಲಗೆ ಬಿಚ್ಚಿಬಿಟ್ಟೆ. ಸ್ಟ್ರಟ್ ಇರುವ ಮಂಚದ ಹಲಗೆಗೆ ದಯವಿಟ್ಟು ಸುಮ್ನೆ ಭಾರ ಸೇರಿಸಬೇಡಿ. ಸೇರಿಸಲೇಬೇಕು ಅಂದರೆ ಸ್ಟ್ರಟ್ ಕೂಡ ಆ ಭಾರಕ್ಕೆ ತಕ್ಕದ್ದು ಹಾಕಿಸಿ.

ದಾರಿ ತೋರಿಸಿದ್ದು ಅಮ್ಮನೇ. "ನಮ್ಮಮ್ಮನ ಮನೇಲಿ ನವಾರು ಮಂಚ ಇತ್ತು. ಜೋತು ಬಿದ್ರೆ ನವಾರು ಬಿಗಿ ಮಾಡ್ತಿದ್ರು. ಹಾಸಿಗೆ ಯಾರು ಬದಲಾಯಿಸ್ತಿದ್ರು?" ಅಂದರು.

ಆವತ್ತು ಹಾಸಿಗೆ ಪೂರ್ತಿ ತೆಗೆದು ಕೆಳಗೆ ನೋಡಿದೆ. ಹಲಗೆ ಎರಡು ಬದಿಯ ರೀಪರ್ (ಉದ್ದನೆಯ ಮರದ ಪಟ್ಟಿ) ಮೇಲೆ ಮಾತ್ರ ಕೂತಿತ್ತು. ನಡುವೆ ನಾಲ್ಕು ಅಡಿ ಏನೂ ಆಸರೆ ಇಲ್ಲ. ಎಷ್ಟು ಬಾಗುತ್ತೆ ಅಂತ ತಿಳಿಯೋಕೆ ಹೊಲಿಗೆ ದಾರ ಸಾಕು. ಈ ಅಂಚಿನಿಂದ ಆ ಅಂಚಿಗೆ ಹಲಗೆಯ ಕೆಳಗೆ ಸ್ವಲ್ಪ ಸಂದು ಬಿಟ್ಟು ದಾರ ಬಿಗಿಯಾಗಿ ಎಳೆದು ಅಂಟಿಸಿದೆ. ಹಲಗೆ ಎಷ್ಟು ಬಾಗುತ್ತೋ ನಡುವೆ ಆ ಸಂದು ಅಷ್ಟು ಕಡಿಮೆ ಆಗುತ್ತೆ. ಅಮ್ಮ ಮೇಲೆ ಮಲಗಿದರು. ನಾನು ಪೆಟ್ಟಿಗೆಯ ಬಾಗಿಲಿನಿಂದ ಟಾರ್ಚ್ ಬಿಟ್ಟು ಸ್ಕೇಲ್ ಹಿಡಿದೆ. ನಡುವೆ 30 ಎಂಎಂ ಇಳಿದಿತ್ತು. ಹಾಸಿಗೆ ತೆಗೆದಾಗಲೇ ಇನ್ನೊಂದು ವಿಷಯ ಕಂಡಿತ್ತು. ಹಲಗೆಯ ಮೇಲ್ಗಡೆ ಬೂಷ್ಟು ಹಿಡಿದು ಅಂಚಿನವರೆಗೂ ಕಪ್ಪಾಗಿತ್ತು. ನಿದ್ದೆಯಲ್ಲಿ ಮೈಯಿಂದ ಹೊರಡುವ ತೇವ ಹಾಸಿಗೆ ದಾಟಿ ಬಂದು ತಣ್ಣನೆಯ ಪ್ಲೈವುಡ್ ಮೇಲೆ ನಿಲ್ಲುತ್ತೆ, ಹೋಗೋಕೆ ದಾರಿ ಇಲ್ಲ. ಮಲೆನಾಡಿನ ಮಳೆಯಲ್ಲಿ ಎರಡು ರಾತ್ರಿ ಕಳೆದರೆ ಇದು ಆಗೇ ಆಗುತ್ತೆ.

ಹಾಗಾಗಿ ಬೇಕಿದ್ದದ್ದು ಎರಡು: ನಡುವೆ ಆಸರೆ, ಅಡಿಯಿಂದ ಗಾಳಿ.

ಕಾಮಾಕ್ಷಿಪಾಳ್ಯದಲ್ಲಿ ನಮಗೆ ಗೊತ್ತಿರುವ ಬಡಗಿ ಇದ್ದಾರೆ. "ಆಚಾರ್ರೇ, 19 ಎಂಎಂ ಪ್ಲೈವುಡ್ ಹಾಕಿಬಿಡೋಣ್ವಾ?" ಅಂತ ಕೇಳಿದೆ. "ಭಾರ ಆಗುತ್ತೆ ಸಾರ್. ದಪ್ಪ ಯಾಕೆ, ನಡುವೆ ಒಂದು ತೊಲೆ ಕೊಡಿ" ಅಂದರು. ಲೆಕ್ಕ ಹಾಕಿದರೆ ಅವರು ಹೇಳಿದ್ದೇ ಸರಿ. ಒಂದು ಪಟ್ಟಿಯ ಎರಡು ತುದಿಗೆ ಆಸರೆ ಕೊಟ್ಟು ನಡುವೆ ಭಾರ ಇಟ್ಟರೆ, ಅದು ಬಾಗುವುದು ಉದ್ದದ ಘನಕ್ಕೆ ತಕ್ಕ ಹಾಗೆ. ಅಂದರೆ ಆಸರೆಗಳ ನಡುವಿನ ದೂರ ಅರ್ಧ ಆದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ನಾಲ್ಕು ಅಡಿಯನ್ನು ಎರಡೆರಡು ಅಡಿ ಮಾಡಿದರೆ ಸಿಗುವ ಲಾಭ ಅಷ್ಟು.

ಭಾರದ ಬಗ್ಗೆ ಅಷ್ಟು ಯೋಚನೆ ಯಾಕೆ ಅಂದರೆ, ನಮ್ಮ ಮಂಚ ಇರುವುದು ಚಕ್ರಗಳ ಹಿಂದೆ. ಹಿಂಭಾಗ ಭಾರವಾದಷ್ಟೂ ಕಾರಿನ ಹುಕ್ ಮೇಲೆ ಕೂರುವ ಭಾರ ಕಡಿಮೆ ಆಗುತ್ತೆ. ಆಗ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಅತ್ತಿತ್ತ ಬೀಸೋಕೆ ಶುರು ಮಾಡುತ್ತೆ. ಅದು ಎಷ್ಟು ಅಪಾಯ ಅಂತ ನೋಡಿದವರಿಗೆ ಗೊತ್ತು.

ತೊಲೆಗೆ 25 ಎಂಎಂ ಚೌಕದ, 2 ಎಂಎಂ ದಪ್ಪದ ಕಬ್ಬಿಣದ ಪೈಪ್ ತಂದೆ. ಮೀಟರಿಗೆ ಸುಮಾರು ಒಂದೂವರೆ ಕೆಜಿ ತೂಗುತ್ತೆ. ಮಂಚದ ಉದ್ದಕ್ಕೂ ಒಂದು, ಅದರಡಿ ಮೂರು ಕಾಲು. ವೆಲ್ಡಿಂಗ್ ಎಲ್ಲ ಹೊರಗೇ ಮಾಡಿಸಿ, ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಣ್ಣ ಹೊಡೆಸಿ, ಆಮೇಲೆ ಒಳಗೆ ಕೂರಿಸಿದೆ. ಪ್ಲೈವುಡ್, ಫೋಮ್, ವೈರು ಇರುವ ಗಾಡಿಯೊಳಗೆ ಕಿಡಿ ಹಾರಿಸುವುದು ಬೇಡ.

ಇಲ್ಲಿ ಮತ್ತೆ ಎಡವಿದೆ. ಕಾಲುಗಳನ್ನು ನೋಡೋಕೆ ಚೆಂದ ಅಂತ ಸಮ ದೂರದಲ್ಲಿ ಇಟ್ಟೆ. ಶಿರಾಡಿ ಘಾಟಿ ಇಳಿದು ಬಂದು ನೋಡಿದರೆ ನಡುವಿನ ಕಾಲು ನೆಲದ ಹಲಗೆಯನ್ನು ಒತ್ತಿ ಹಳ್ಳ ಮಾಡಿತ್ತು. ಟ್ರೇಲರ್ ನೆಲ ಮನೆಯ ನೆಲದ ಹಾಗಲ್ಲ. ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ಅಡ್ಡ ಪಟ್ಟಿಗಳ ಮೇಲೆ ಮಾತ್ರ ಅದಕ್ಕೆ ಬಲ. ಗಾಡಿ ಕೆಳಗೆ ಮಲಗಿ, ಹಿಂದಿನ ತುದಿಯಿಂದ ಪ್ರತಿ ಅಡ್ಡ ಪಟ್ಟಿಗೂ ಟೇಪ್ ಹಿಡಿದು ಬರೆದುಕೊಂಡೆ. ಹಿಂದಿನ ಗೋಡೆಯ ದಪ್ಪ ಕಳೆದು ಅದೇ ಅಳತೆಯನ್ನು ಒಳಗೆ ಗುರುತು ಹಾಕಿದೆ. ಕಾಲುಗಳನ್ನು ಅಲ್ಲಿಗೆ ಸರಿಸಿದೆ. ಈಗ ದೂರ ಸಮ ಇಲ್ಲ, ಪರವಾಗಿಲ್ಲ. ಪ್ರತಿ ಕಾಲಿನಡಿ ಮೂರು ಇಂಚಿನ ಕಬ್ಬಿಣದ ತಟ್ಟೆ, ಅದರಡಿ ರಬ್ಬರ್.

ಪ್ಲೈವುಡ್ ಮುಚ್ಚಳ, ಸ್ಟ್ರಟ್ ಎರಡನ್ನೂ ತೆಗೆದುಹಾಕಿದೆ. ಅದರ ಬದಲು ಪೈನ್ ಮರದ ಅಡ್ಡ ಪಟ್ಟಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಿಂದ ತಂದು ಮೂರು ಇಂಚು ಅಗಲ, ಮುಕ್ಕಾಲು ಇಂಚು ದಪ್ಪಕ್ಕೆ ಸೀಳಿಸಿದ್ದು. ನಡುವೆ ಎರಡೆರಡು ಇಂಚು ಸಂದು. ಒಟ್ಟು ಹದಿನೈದು ಪಟ್ಟಿ ಬಂದವು. ಫೋಮ್ ಹಾಸಿಗೆಗೆ ಸಂದು ಮೂರು ಇಂಚಿಗಿಂತ ಜಾಸ್ತಿ ಇಡಬೇಡಿ, ಫೋಮ್ ಸಂದಿಗೆ ಇಳಿಯುತ್ತೆ. ಗಂಟು ಇರುವ ಪಟ್ಟಿಗಳನ್ನು ಆಚಾರ್ರು ಬೇರೆ ಇಟ್ಟರು. ಮುರಿದರೆ ಅಲ್ಲೇ ಮುರಿಯುತ್ತೆ. ತೂಗಿ ನೋಡಿದಾಗ ಹದಿನೈದೂ ಸೇರಿ ಹಳೇ ಹಲಗೆಯಷ್ಟೇ, 13 ಕೆಜಿ ಆಸುಪಾಸು. ಹೊಸದಾಗಿ ಸೇರಿದ್ದು ಪೈಪಿನ ನಾಲ್ಕೂವರೆ ಕೆಜಿ ಮತ್ತು ತಟ್ಟೆಗಳ ಭಾರ, ಅಷ್ಟೇ.

ಪಟ್ಟಿಗಳನ್ನು ಜೋಡಿಸಿದ್ದು ಅಮ್ಮನ ನವಾರಿನಿಂದಲೇ. ಎರಡು ಸಾಲು ನವಾರು, ಪ್ರತಿ ಪಟ್ಟಿಗೂ ಎರಡೆರಡು ಸಣ್ಣ ಸ್ಕ್ರೂ. ಎರಡು ತುದಿಯ ಪಟ್ಟಿಗಳಿಗೆ ಮಾತ್ರ ಬೋಲ್ಟ್. ಸಾಮಾನು ಬೇಕಾದರೆ ಒಂದು ತುದಿ ಬಿಚ್ಚಿ ಚಾಪೆ ಸುತ್ತುವ ಹಾಗೆ ಸುತ್ತಿದರೆ ಆಯಿತು. ಮರ ಕಬ್ಬಿಣಕ್ಕೆ ಉಜ್ಜಿ ಕಿರಗುಟ್ಟುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಸೀಳಿ ತೊಲೆಯ ಮೇಲೆ ಉದ್ದಕ್ಕೂ ಅಂಟಿಸಿದ ಮೇಲೆ ಸದ್ದು ನಿಂತಿತು. ನಟ್ ಎಲ್ಲವೂ ನೈಲಾಕ್, ಅಂದರೆ ಸಡಿಲ ಆಗದ ಹಾಗೆ ಒಳಗೆ ನೈಲಾನ್ ಉಂಗುರ ಇರುವಂಥದ್ದು. ಸಾದಾ ನಟ್ ನಮ್ಮ ರಸ್ತೆಗಳ ಅದುರಿಗೆ ನಿಲ್ಲುವುದಿಲ್ಲ.

ಮಂಚ ಮುಟ್ಟುವ ಮೊದಲು ಒಂದು ಸಲ ರಸಮಟ್ಟ ಇಟ್ಟು ಟ್ರೇಲರ್ ಮಟ್ಟವಾಗಿ ನಿಂತಿದೆಯಾ ನೋಡಿ. ಗಾಡಿಯೇ ಒಂದು ಕಡೆ ವಾಲಿದ್ದರೆ ಮಂಚಕ್ಕೆ ಏನು ಮಾಡಿದರೂ ಜಾರುತ್ತೀರಿ. ತಗ್ಗಿನ ಕಡೆಯ ಚಕ್ರದಡಿ ಹಲಗೆ ಕೊಟ್ಟು ಮಟ್ಟ ಮಾಡಬೇಕು. ಮೂಲೆಯ ಜಾಕ್‌ಗಳು ಗಾಡಿ ಅಲ್ಲಾಡದ ಹಾಗೆ ಹಿಡಿಯೋಕೆ, ಎತ್ತೋಕಲ್ಲ.

ಮತ್ತೆ ಎರಡು ಅಂಚಿಗೆ ದಾರ ಕಟ್ಟಿದೆ, ಅಮ್ಮ ಮಲಗಿದರು. ತೊಲೆಗೂ ಅಂಚಿಗೂ ನಡುವೆ 3 ಎಂಎಂ ಬಾಗಿತ್ತು. ಕಳೆದ ತಿಂಗಳು ಸಕಲೇಶಪುರದಲ್ಲಿ ಮೂರು ರಾತ್ರಿ ಇದ್ದೆವು, ಎರಡು ರಾತ್ರಿ ಮಳೆ. ವಾಪಸ್ ಬಂದು ಹಾಸಿಗೆ ಎತ್ತಿ ಕೆಳಗೆ ಅಂಗೈ ಇಟ್ಟೆ, ಒಣಗಿತ್ತು. ಅಪ್ಪ ಮೂರು ರಾತ್ರಿಯೂ ಒಳಗೇ ಮಲಗಿದ್ದರು.