ಎರಡೂ ಕಡೆ ನಾನೇ ಏಜೆಂಟ್ ಆದಾಗ ಏನು ಹೇಳ್ತೇನೆ, ಏನು ಹೇಳೋದಿಲ್ಲ

ಶಿರಸಿ ಸುತ್ತಮುತ್ತ ತೋಟದ ವ್ಯವಹಾರದಲ್ಲಿ ಮಾರೋರೂ ನನಗೇ ಫೋನ್ ಮಾಡ್ತಾರೆ, ತಗೊಳೋರೂ ನನಗೇ. ಅದಕ್ಕೇ ಜಾಗ ತೋರ್ಸೋಕೆ ಮುಂಚೆನೇ ಇಬ್ರಿಗೂ ವಾಟ್ಸಾಪಲ್ಲಿ ಬರೆದು ಹಾಕ್ತೇನೆ, ನಾನು ಎರಡೂ ಕಡೆಯಿಂದ ಕಮಿಷನ್ ತಗೊಳ್ತೇನೆ, ಇಷ್ಟಿಷ್ಟು, ಒಪ್ಪಿಗೆ ಇದ್ರೆ ಮುಂದುವರಿಯೋಣ ಅಂತ. ಮಾರೋರಿಗೆ ಒಂದು ರೇಟು, ತಗೊಳೋರಿಗೆ ಇನ್ನೊಂದು ರೇಟು ಹೇಳಿ ನಡುವಿನ ದುಡ್ಡು ಹೊಡೆಯೋ ಏಜೆಂಟ್ರು ಇದ್ದಾರೆ, ಗೊತ್ತಿರೋದೇ. ಆದ್ರೆ 1872ರ ಕಾಂಟ್ರ್ಯಾಕ್ಟ್ ಆಕ್ಟಲ್ಲೇ ಇದೆ, ಪಾರ್ಟಿಗೆ ಗೊತ್ತಾಗದ ಹಾಗೆ ಏಜೆಂಟು ತನ್ನ ಲೆಕ್ಕಕ್ಕೆ ವ್ಯವಹಾರ ಮಾಡಿದ್ರೆ ಆ ಲಾಭ ಕೇಳೋ ಹಕ್ಕು ಪಾರ್ಟಿಗೆ ಇರ್ತದೆ.

ಕಷ್ಟ ಬರೋದು ಗುಟ್ಟಿನ ವಿಷಯದಲ್ಲಿ. ಮಗಳ ಮದುವೆ ಇದೆ, ಸ್ವಲ್ಪ ಕಡಿಮೆಗಾದ್ರೂ ಕೊಡ್ತೇನೆ ಅಂತ ಮಾರೋರು ನನ್ನ ಹತ್ರ ಅಂದಿದ್ರೆ ಅದು ಅವ್ರ ಮನೆ ವಿಷಯ, ತಗೊಳೋರಿಗೆ ಹೇಳೋದಿಲ್ಲ. ತಗೊಳೋರು ಎಷ್ಟರ ತನಕ ಏರಬಹುದು ಅನ್ನೋದನ್ನೂ ಆಚೆ ಬಿಡೋದಿಲ್ಲ. ಆದ್ರೆ ಸೊಸೈಟಿ ಸಾಲಕ್ಕೆ ತೋಟ ಅಡ ಇದ್ದು ಪಹಣಿ 11ನೇ ಕಾಲಂನಲ್ಲಿ ಎಂಟ್ರಿ ಇದೆ ಅಂದ್ರೆ ಅದು ಜಾಗದ ವಿಷಯ, ಹೇಳ್ಲೇಬೇಕು. ಅಕ್ಕತಂಗಿಯರ ಪಾಲು ಇನ್ನೂ ಬಾಕಿ ಇದ್ರೂ ಅಷ್ಟೇ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದು ಹೆಣ್ಮಕ್ಕಳಿಗೂ ಸಮಪಾಲು ಆದಮೇಲೆ ಹೆಣ್ಮಕ್ಕಳ ಸಹಿ ಇಲ್ದೆ ಪಿತ್ರಾರ್ಜಿತ ತೋಟ ಮಾರೋಕೆ ಹೊರಟ್ರೆ ನಾಳೆ ಕೋರ್ಟೇ ಗತಿ.

ನಮ್ಮ ಕಡೆ ಜಾಸ್ತಿ ತಲೆನೋವು ಸೊಪ್ಪಿನ ಬೆಟ್ಟದ್ದು, ಅಂದ್ರೆ ತೋಟಕ್ಕೆ ಸೊಪ್ಪು ತರೋ ಪಕ್ಕದ ಕಾಡಿನ ಜಾಗದ್ದು. ಒಬ್ರು ಯಜಮಾನ್ರು 'ಬೆಟ್ಟ ಸೇರಿ ಆರೆಕರೆ' ಅಂತಾನೇ ಹೇಳ್ತಾ ಇದ್ರು, ಬೆಂಗಳೂರಿನ ಪಾರ್ಟಿ ಅಲ್ಲಿ ಹೋಮ್‌ಸ್ಟೇ ಕಟ್ಟೋ ಕನಸಲ್ಲಿ ಇತ್ತು. ಬೆಟ್ಟ ಸರ್ಕಾರದ್ದು, ತೋಟದವ್ರಿಗೆ ಇರೋದು ಸೊಪ್ಪು, ದರಕು (ಒಣಗಿದ ಎಲೆ) ತರೋ ಹಕ್ಕು ಮಾತ್ರ, ಕಟ್ಟಡ ಎಲ್ಲ ಆಗೋದಿಲ್ಲ ಅಂತ ನಾನು ಇಬ್ರೂ ಕೂತಿದ್ದಾಗಲೇ ಹೇಳ್ದೆ. ಯಜಮಾನ್ರಿಗೆ ಸಿಟ್ಟು ಬಂತು, "ತಮಾ, ನೀ ಯಾರ ಕಡೆಯೋ?" ಅಂದ್ರು. "ರೇಟಿನ ವಿಷಯದಲ್ಲಿ ಯಾರ ಕಡೆಯೂ ಅಲ್ಲ, ಪಹಣಿಲಿ ಇದ್ದಿದ್ದು ಹೇಳ್ದೆ ಅಷ್ಟೇ" ಅಂದೆ. ರೇಟು ಇಳೀತು, ವ್ಯವಹಾರ ಮುರೀಲಿಲ್ಲ. ಮುರಿದ್ರೂ ಹೇಳ್ತಿದ್ದೆ ಬಿಡಿ.

ಚೌಕಾಸಿ ಅವ್ರವ್ರೇ ಮಾಡ್ಕೊಳ್ಳಲಿ, ನಾನು ಅಂಕಿ ಮುಟ್ಟಿಸ್ತೇನೆ, 'ಇಷ್ಟಕ್ಕೆ ಮುಗಿಸಿ' ಅನ್ನೋದಿಲ್ಲ. ವಕೀಲರು ಇಬ್ರಿಗೂ ಬೇರೆ ಬೇರೆ ಇರಲಿ ಅಂತೇನೆ, ಕೆಲವ್ರು ಫೀ ಉಳಿಸೋಕೆ ಒಬ್ರನ್ನೇ ಇಟ್ಕೊಳ್ತಾರೆ, ಅಲ್ಲೇ ಎಡವಟ್ಟಾಗೋದು. ಲೇಔಟ್ ಸೈಟು ಮಾರ್ಸೋದಾದ್ರೆ ಏಜೆಂಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಬೇರೆ ಬೇಕು, ಹಳೇ ತೋಟಕ್ಕೆ ಅದಿಲ್ಲ. ಅಡ್ವಾನ್ಸ್ ಮಾತ್ರ ನನ್ನ ಕೈಗೆ ಬರಬಾರ್ದು, ಚೆಕ್ ನೇರ ಮಾರೋರ ಹೆಸ್ರಿಗೆ, ಅದರ ನಂಬರು ಕರಾರು ಪತ್ರದಲ್ಲೇ ಬರೆಸ್ತೇನೆ.